ಸೆಗ್ಮೆಂಟ್ ಎಲ್‌ಸಿಡಿಯಲ್ಲಿ ಒಂದು ಗೆರೆಯೂ ಇಲ್ಲ, ಗಾಜೇ ಹೋಗಿದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಹತ್ತಿರ ಆರು ಅಂಕಿಯ ಸೆಗ್ಮೆಂಟ್ ಎಲ್‌ಸಿಡಿ ಗಾಜು ಇದೆ, ಅಂದರೆ ಗೆರೆಗಳು (ಸೆಗ್ಮೆಂಟ್) ಸೇರಿ ಅಂಕಿ ಮೂಡುವಂಥದ್ದು. 3 ವೋಲ್ಟಿನದು, 4 ಕಾಮ್ ಪಿನ್ (ಹಲವು ಗೆರೆಗಳು ಹಂಚಿಕೊಳ್ಳುವ ಪಿನ್). ಡ್ರೈವರ್ ಚಿಪ್ ಎಚ್‌ಟಿ1621, ಅದಕ್ಕೆ 5 ವೋಲ್ಟ್ ಸರಿಯಾಗಿ ಬರುತ್ತಿದೆ. ಮೈಕ್ರೋಕಂಟ್ರೋಲರ್‌ನಿಂದ ಡೇಟಾ ಹೋಗುವುದೂ ಸ್ಕೋಪ್‌ನಲ್ಲಿ (ವೋಲ್ಟೇಜಿನ ಅಲೆ ತೋರಿಸುವ ಉಪಕರಣ) ಕಾಣುತ್ತದೆ. ಆದರೆ ಗಾಜಿನ ಮೇಲೆ ಏನೂ ಮೂಡುತ್ತಿಲ್ಲ. ಗಾಜು ಚೆನ್ನಾಗಿದೆಯಾ ಅಂತ ಪಿನ್‌ಗಳಿಗೆ ಬ್ಯಾಟರಿ ಹಿಡಿದು ನೋಡಬಹುದಾ?

ಉತ್ತರ: ಬ್ಯಾಟರಿ ಬೇಡ, ದಯವಿಟ್ಟು. ಎಲ್‌ಸಿಡಿಗೆ ಡಿಸಿ, ಅಂದರೆ ಬ್ಯಾಟರಿಯಂತೆ ದಿಕ್ಕು ಬದಲಾಗದ ವೋಲ್ಟೇಜ್, ಆಗಿಬರುವುದಿಲ್ಲ. ಡಿಸಿ ಹಾಗೇ ನಿಂತರೆ ಸೆಗ್ಮೆಂಟ್ ಕಾಯಂ ಹಾಳಾಗುತ್ತದೆ. ಗಾಜನ್ನೇ ಪರೀಕ್ಷಿಸಬೇಕಾದರೆ ಅದನ್ನು ಚಿಪ್‌ನಿಂದ ಬಿಡಿಸಿ. 3.3 ವೋಲ್ಟಿನ ಮೈಕ್ರೋಕಂಟ್ರೋಲರ್‌ನ ಎರಡು ಪಿನ್ ತೆಗೆದುಕೊಂಡು ಒಂದನ್ನು ಕಾಮ್‌ಗೆ, ಇನ್ನೊಂದನ್ನು ಸೆಗ್ಮೆಂಟ್‌ಗೆ ಕೊಡಿ. ಒಂದು ಮೇಲಿದ್ದಾಗ ಇನ್ನೊಂದು ಕೆಳಗಿರಬೇಕು. 8 ಮಿಲಿಸೆಕೆಂಡಿಗೊಮ್ಮೆ ಎರಡನ್ನೂ ಅದಲುಬದಲು ಮಾಡಿ. ಗಾಜು ಸರಿಯಿದ್ದರೆ ಗೆರೆ ಕಪ್ಪಗೆ ಮೂಡುತ್ತದೆ.

ಆದರೆ ನನಗೆ ಗಾಜಿನ ಮೇಲೆ ಅನುಮಾನ ಕಡಿಮೆ. ಗಾಜೋ ಅದನ್ನು ಬೋರ್ಡ್‌ಗೆ ಜೋಡಿಸುವ ಜೀಬ್ರಾ ರಬ್ಬರೋ ಕೆಟ್ಟರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗೆರೆ ಹೋಗುತ್ತದೆ. ಒಂದೂ ಇಲ್ಲ ಅಂದರೆ ಡ್ರೈವರ್ ಕಡೆ ನೋಡಬೇಕು. ಸ್ಕೋಪ್ ಇದೆಯಲ್ವಾ, ಕಾಮ್ ಪಿನ್ ಮೇಲೆ ಇಡಿ. 1/3 ಬಯಾಸ್ (ವೋಲ್ಟೇಜನ್ನು ಮೂರು ಸಮ ಹಂತಗಳಾಗಿ ಒಡೆಯುವುದು) ಇದ್ದರೆ ಅಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯಬೇಕು.

ಪ್ರಶ್ನೆ: ನೋಡಿದೆ ಮೇಡಂ. ನಾಲ್ಕೂ ಕಾಮ್ ಪಿನ್‌ಗಳಲ್ಲಿ ಸಪಾಟು ಗೆರೆ, ಅಲೆಯೇ ಇಲ್ಲ.

ಉತ್ತರ: ಹಾಗಾದರೆ ಚಿಪ್ ಇನ್ನೂ ಎದ್ದಿಲ್ಲ. ಪವರ್ ಕೊಟ್ಟಾಗ ಅದಕ್ಕೆ ತಾಳ ಕೊಡುವ ಆಸಿಲೇಟರ್, ಎಲ್‌ಸಿಡಿ ಬಯಾಸ್ ಎರಡೂ ಆಫ್ ಆಗಿರುತ್ತವೆ. ಆಗ ಎಷ್ಟು ಡೇಟಾ ಕಳಿಸಿದರೂ ಅದು ಸುಮ್ನೆ ಮೆಮೊರಿಯಲ್ಲಿ ಕೂತಿರುತ್ತದೆ. ಮೊದಲು ಮೂರು ಕಮಾಂಡ್ ಹೋಗಬೇಕು. ಸಿಸ್ಟಮ್ ಆನ್ ಮಾಡಲು 00000001. 4 ಕಾಮ್, 1/3 ಬಯಾಸ್‌ಗೆ 00101001. ಕೊನೆಗೆ ಎಲ್‌ಸಿಡಿ ಆನ್, 00000011. ಪ್ರತಿ ಕಮಾಂಡ್‌ಗೆ ಮೊದಲು 100 ಹೋಗಬೇಕು, ಕಮಾಂಡ್ ಮುಗಿದ ಮೇಲೆ ಒಂದು ಖಾಲಿ ಬಿಟ್ (0 ಆದರೂ 1 ಆದರೂ ಸರಿ), ಒಟ್ಟು 12 ಬಿಟ್. ಆ ಖಾಲಿ ಬಿಟ್ ಬಿಟ್ಟುಹೋಗಿದೆಯಾ ಅಂತ ಕೋಡ್‌ನಲ್ಲಿ ನೋಡಿ. ಡೇಟಾ ಬರೆಯುವಾಗ ಮಾತ್ರ ಮೊದಲು 100ರ ಬದಲು 101.

ಪ್ರಶ್ನೆ: ಬಂತು ಮೇಡಂ! ಖಾಲಿ ಬಿಟ್ ಹೋಗುತ್ತಿರಲಿಲ್ಲ. ಆದರೆ ಈಗ ಆಫ್ ಇರಬೇಕಾದ ಗೆರೆಗಳೂ ಮಸುಕಾಗಿ ಕಾಣುತ್ತಿವೆ.

ಉತ್ತರ: ತುಂಬಾ ಖುಷಿಯಾಯಿತು! ಈ ಮಸುಕು ವೋಲ್ಟೇಜ್ ಜಾಸ್ತಿಯಾಗಿ ಬಂದಿದ್ದು. ನಿಮ್ಮದು 3 ವೋಲ್ಟಿನ ಗಾಜು, ಚಿಪ್‌ನ ವಿಎಲ್‌ಸಿಡಿ ಪಿನ್ (ಗಾಜಿಗೆ ಹೋಗುವ ವೋಲ್ಟೇಜ್ ನಿರ್ಧರಿಸುವ ಪಿನ್) ನೇರ 5 ವೋಲ್ಟ್‌ಗೇ ಸೇರಿದೆ ಅನಿಸುತ್ತದೆ. ಅದನ್ನು ಬಿಡಿಸಿ ನಡುವೆ ವೇರಿಯಬಲ್ ರೆಸಿಸ್ಟರ್ ಹಾಕಿ, 20 ಕಿಲೋಓಮ್‌ನಿಂದ ಶುರು ಮಾಡಿ. ಆಫ್ ಗೆರೆಗಳು ಮಾಯವಾಗಿ ಆನ್ ಗೆರೆಗಳು ಕಪ್ಪಗೆ ಉಳಿಯುವ ತನಕ ತಿರುಗಿಸಿ. ಡಿಸ್ಪ್ಲೇಯನ್ನು ಬಳಸುವಾಗ ಯಾವ ಕೋನದಿಂದ ನೋಡುತ್ತೀರೋ ಅಲ್ಲಿಂದಲೇ ನೋಡುತ್ತಾ ಹೊಂದಿಸಿ, ಕೋನ ಬದಲಾದರೆ ಕಾಂಟ್ರಾಸ್ಟ್ ಕೂಡ ಬದಲಾಗುತ್ತದೆ.