ಎರಡು ಹಾಡಿಗೇ ಗಂಟಲು ಉರೀತದ, ಗ್ರೌಲ್ ಸರಿಯಾಗಿ ಮಾಡೋದು ಹೆಂಗ್ರಿ?

ಗುಡುಗು_ಕಲಬುರಗಿ
ಕಲಬುರಗಿಯಾಗ ನಾಲ್ಕು ಮಂದಿ ಸೇರಿ ಡೆತ್ ಮೆಟಲ್ (ಭಾರಿ ಗಿಟಾರಿನ ಗಡುಸು ರಾಕ್) ಬ್ಯಾಂಡ್ ಕಟ್ಟೀವಿ, ಗ್ರೌಲ್, ಅಂದ್ರ ಗೊರಗೊರ ಒರಟು ದನಿಯಾಗ ಹಾಡೋದು, ನನ್ನ ಪಾಲಿಗೆ ಬಂದದ. ಎರಡನೇ ಹಾಡಿಗೇ ಉರಿ, ಕೆಮ್ಮು. ಮರುದಿನ ಮುಂಜಾನಿ ದನಿ ಕುಂತಿರ್ತದ. ರೂಮಿನಾಗ ಭಾರಿ ಕೇಳ್ತದ, ಫೋನಿನಾಗ ರೆಕಾರ್ಡ್ ಮಾಡಿದ್ರ ತೆಳ್ಳಗ. ತಾಸುಗಟ್ಟಲೆ ಹಾಡೋರು ಹೆಂಗ ಹಾಡ್ತಾರ? ಹುಡುಗಿಯರಿಗೆ ತಳದ ದನಿ ಬರಂಗಿಲ್ಲೇನು? ಮತ್ತ ಹಾಡು ಕನ್ನಡದಾಗ ಅವ, ಒಂದಕ್ಷರ ತಿಳೀವಲ್ದು ಅಂತಾರ.

ಬಿದ್ರಿ_ಬಾಸ್
ಉರಿ ಅದ ಅಂದ್ರ ಸ್ವರತಂತುಗಳನ್ನೇ ಒಂದಕ್ಕೊಂದು ತಿಕ್ಕಿ ಚೀರ್ಲಾಕತ್ತೀರಿ. ಗ್ರೌಲಿನ ಒರಟು ಸಪ್ಪಳ ಹೆಚ್ಚಾಗಿ ಬರೋದು ಅವುಗಳ ಮ್ಯಾಲಿರೋ ಇನ್ನೊಂದು ಜೋಡಿ ಮಡಿಕೆಯಿಂದ, ಹುಸಿ ಸ್ವರತಂತು ಅಂತಾರ ಅವಕ್ಕ. ಜೋಳದ ಚೀಲ ಎತ್ತುವಾಗ "ಹ್ಞಂ" ಅಂತ ಗಂಟಲು ಕಟ್ಕೋತದಲ್ಲ, ಆಗ ಒಳಗ ಸರಿಯೋವು ಇವೇ. ರಷ್ಯಾದ ತುವಾ ಪ್ರಾಂತದಾಗ ಕರ್ಗಿರಾ ಅನ್ನೋ ಗಂಟಲು ಹಾಡು ಹಾಡೋರೂ ಇವನ್ನೇ ಬಳಸ್ತಾರ. ಸ್ವರತಂತು ಎರಡು ಸಲ ಅದುರಿದ್ರ ಹುಸಿ ತಂತು ಒಂದು ಸಲ, ಹಿಂಗಾಗಿ ದನಿ ಒಂದು ಸಪ್ತಕ ಕೆಳಗ ಕೇಳ್ತದ. ಮೆಟಲ್‌ನಾಗ ಅಷ್ಟು ಲೆಕ್ಕ ಇರಂಗಿಲ್ಲ, ಅದುರಾಟ ಚೆಲ್ಲಾಪಿಲ್ಲಿ ಇರ್ತದ.

ಮೊದಲ 5 ನಿಮಿಷ ಸ್ಟ್ರಾ. ಅರ್ಧ ಗ್ಲಾಸ್ ನೀರಿನಾಗ 2-3 ಸೆಂ.ಮೀ. ಮುಳುಗಿಸಿ, ಗುಳ್ಳಿ ಬಿಡ್ತಾ "ಊ" ಅಂತ ಕೆಳಗಿಂದ ಮ್ಯಾಲ, ಮ್ಯಾಲಿಂದ ಕೆಳಗ. ಆಮ್ಯಾಲ ಸ್ವರ ಇಲ್ದೆ "ಹಾ" ಅಂತ ಉಸುರು ಬಿಡ್ರಿ, ಮಾತಿನಷ್ಟೇ ಜೋರು. ಆ ಉಸುರಿನ ಮ್ಯಾಲ ಚೀಲ ಎತ್ತೋ ಬಿಗಿ ಸ್ವಲ್ಪಸ್ವಲ್ಪ ತರ್ರಿ. ಗೊರಗೊರ ಎದ್ದ ಜಾಗದಾಗ 4-5 ಸೆಕೆಂಡ್ ಹಿಡದು ಬಿಡ್ರಿ. ಸಪ್ಪಳ ಸಣ್ಣದಿರ್ತದ, ಇರ್ಲಿ. ಜೋರು ಮಾಡ್ಲಾಕ ಹೋದ್ರ ಸ್ವರತಂತು ನಡುವ ಬಂದು ಮತ್ತ ಅದೇ ಉರಿ. ಉಸುರು ಹೆಚ್ಚಾದ್ರ ಬರೇ ಸುಯ್ ಅಂತದ. ಬಿಗಿ ಹೆಚ್ಚಾದ್ರ ಸಪ್ಪಳ ತುಂಡುತುಂಡಾಗ್ತದ, ಕುತ್ತಿಗಿ ನರ ಉಬ್ತಾವ. ದಿನಕ್ಕ 10-15 ನಿಮಿಷದ ಮ್ಯಾಲ ಬ್ಯಾಡ.

ಹುಡುಗಿಯರ ಮಾತು ಬಂತಲ್ಲ: ಏಂಜೆಲಾ ಗೊಸೊ 2000ರಿಂದ 2014ರ ತನಕ ಆರ್ಚ್ ಎನಿಮಿ ಅನ್ನೋ ಮೆಟಲ್ ಬ್ಯಾಂಡಿನಾಗ ಹಾಡಿದ್ದು ಕೇಳ್ರಿ. ಗಂಟಲಿಂದ ತುಟಿ ತನಕದ ಕೊಳವಿ ಹೆಣ್ಮಕ್ಕಳಿಗೆ ತುಸು ಗಿಡ್ಡ, ಅದಕ್ಕ ತಳ ಕಮ್ಮಿ ಅನಿಸ್ತದ. ತುಟಿ ಮುಂದ ಚಾಚಿ "ಓ" ಆಕಾರ ಮಾಡಿದ್ರ ಕೊಳವಿ ಉದ್ದಾಗಿ ದನಿ ಕೆಳಗಿಳೀತದ.

ಹಳೇ_ತಬಲಾ
ತಪ್ಪು ತಿಳ್ಕೋಬ್ಯಾಡ್ರಿ, ಇದರಾಗ ರುಚಿ ಏನದ? ರಾಗ ಇಲ್ಲ, ಸಾಹಿತ್ಯ ತಿಳಿಯಂಗಿಲ್ಲ.

ಬಿದ್ರಿ_ಬಾಸ್
ರಾಗ ಹುಡುಕಿದ್ರ ಸಿಗಂಗಿಲ್ಲ ಅಣ್ಣೋರ, ಲಯ ಹುಡುಕ್ರಿ. ಗಿಟಾರ್ ತಂತಿ ಕೆಳಗಿಳಿಸಿ, ಡಿಸ್ಟಾರ್ಷನ್ (ಗಿಟಾರ್ ದನಿ ಒರಟು ಮಾಡೋದು) ಹಾಕಿದ ಮ್ಯಾಲ ಅದರ ಮುಂದ ಸಾಫ್ ದನಿ ಬ್ಯಾರೆಯಾಗಿ ತೇಲ್ತದ. ಗ್ರೌಲ್ ಅದರೊಳಗೇ ಕೂಡ್ತದ, ಮೊಹರಂ ಹಲಗಿಗೆ ಇನ್ನೊಂದು ಹಲಗಿ ಜೊತಿಯಾದಂಗ. ಓಪೆತ್ ಬ್ಯಾಂಡಿನ ಹಾಡುಗಾರ ಮಿಕಾಯೆಲ್ ಒಕೆರ್‌ಫೆಲ್ಟ್ ಒಂದೇ ಹಾಡಿನಾಗ ಗ್ರೌಲಿನಿಂದ ಸಾಫ್ ದನಿಗೆ ದಾಟ್ತಾರ, ಹೊಸಬರಿಗೆ ಅಲ್ಲಿಂದ ಶುರು ಮಾಡೋದು ಛಲೋ. ಬರೇ ಗ್ರೌಲೇ ಇರೋ ಆಲ್ಬಂ ಒಂದೇ ಕೂತಾಗ ಕೇಳೋದು ನನಗೂ ಭಾರ ಅನಿಸ್ತದ, ಅದು ಬ್ಯಾರೆ ಮಾತು.

ಸ್ವರಪೆಟ್ಟಿಗೆ
ಪ್ರಶ್ನೆ ಕೇಳಿದವರಿಗೆ: ಮೊದಲು ದನಿ ಪೂರ್ತಿ ಸರಿಹೋಗುವ ತನಕ ಗ್ರೌಲ್ ನಿಲ್ಲಿಸಿ. ಪಿಸುಮಾತೂ ವಿಶ್ರಾಂತಿಯಲ್ಲ, ಮೆಲ್ಲಗೆ ಸಹಜವಾಗಿ ಮಾತಾಡಿ. ನಂತರ ಅಭ್ಯಾಸದ ಮರುದಿನ ಒಂದು ಪರೀಕ್ಷೆ ಮಾಡಿಕೊಳ್ಳಿ: ತಾರಸ್ಥಾಯಿಯ ಷಡ್ಜವನ್ನು ಆದಷ್ಟು ಮೆಲ್ಲಗೆ ಹಾಡಿ. ಮಾಮೂಲಿಯಾಗಿ ಬರುವ ಸ್ವರ ಜೋರು ಮಾಡದೆ ಬರುತ್ತಿಲ್ಲ ಎಂದರೆ ತಂತುಗಳಲ್ಲಿ ಊತವಿರಬಹುದು; ಅಂದು ರಜೆ. ಕಚಗುಳಿ, ಒಣಕೆಮ್ಮು ಶುರುವಾದ ಕ್ಷಣವೇ ನಿಲ್ಲಿಸಬೇಕು. ಮೆಂಥಾಲ್ ಗುಳಿಗೆ ಚೀಪಿ ಮುಂದುವರಿಸಿದರೆ ನೋವು ಮರೆಯಾಗುತ್ತದೆ, ಪೆಟ್ಟು ಮರೆಯಾಗುವುದಿಲ್ಲ. ಹಾಡುವಾಗ ದನಿ ಥಟ್ಟನೆ ಹೋದರೆ, ಕೆಮ್ಮಿದಾಗ ರಕ್ತ ಕಂಡರೆ ಅಂದೇ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಗೊಗ್ಗರು 2-3 ವಾರ ಉಳಿದರೂ ಹೋಗಿ.

ಕುಡಿದ ನೀರು ಸ್ವರತಂತುವನ್ನು ಮುಟ್ಟುವುದೇ ಇಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಹಾಗಾಗಿ ವೇದಿಕೆ ಮೇಲೆ ಗಟಗಟ ಕುಡಿಯುವುದಕ್ಕಿಂತ ದಿನವಿಡೀ ಸ್ವಲ್ಪಸ್ವಲ್ಪ ಕುಡಿಯುವುದು ಮುಖ್ಯ, ಕಲಬುರಗಿಯ ಬೇಸಿಗೆಯಲ್ಲಂತೂ ಇನ್ನೂ ಮುಖ್ಯ. ರಾತ್ರಿ ತಡವಾಗಿ ಮಿರ್ಚಿ ಭಜಿ ತಿಂದು ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಏರಿ ಬೆಳಗಿನ ದನಿ ಕೆಡಬಹುದು. ಊಟಕ್ಕೂ ಮಲಗುವುದಕ್ಕೂ 3 ತಾಸು ಅಂತರವಿರಲಿ.

ಶಹಾಪುರ_ಸೌಂಡ್
ರೂಮಿನಾಗ ಭಾರಿ ಕೇಳೋದು ರೂಮಿನ ಮಹಿಮೆ. ಶಹಾಬಾದಿ ಕಲ್ಲಿನ ನೆಲ, ಬರೇ ಗ್ವಾಡಿ, ಸಪ್ಪಳ ತಿರುಗಿ ಬಂದು ದಪ್ಪ ಆಗ್ತದ. ಬೆನ್ನ ಹಿಂದ, ಎರಡೂ ಬಾಜು ದಪ್ಪನೆ ಕೌದಿ ಕಟ್ರಿ. ಫೋನ್ ನಂಬಬ್ಯಾಡ್ರಿ, ಅದು ಗ್ರೌಲನ್ನೂ ಗದ್ದಲ ಅಂತ ತಿಳದು ತಗ್ಗಿಸಬಹುದು.

ವೇದಿಕಿ ಮ್ಯಾಲ ಕೈಯಾಗ ಹಿಡಿಯೋ ಎಸ್‌ಎಂ58 ಥರದ ಡೈನಾಮಿಕ್ ಮೈಕ್ ಸಾಕು. ಬಾಯಿಂದ 2-5 ಸೆಂ.ಮೀ. ಜಾಲಿ ಮ್ಯಾಲ ಕೈ ಮುಚ್ಚಿ ಹಿಡಿಯೋ ಚಾಳಿ ಬಿಡ್ರಿ. ಮೈಕಿನ ಹಿಂದಿನ ಕಿಂಡಿ ಮುಚ್ಚಿದ್ರ ಅದು ಎಲ್ಲಾ ಕಡಿಯಿಂದ ಸಪ್ಪಳ ಎಳ್ಕೋತದ, ಮಾನಿಟರ್ (ಹಾಡೋರ ಕಡೆ ಇಟ್ಟ ಸ್ಪೀಕರ್) ಕುಂಯ್ ಅಂತದ, ಅಕ್ಷರ ಕೆಸರಾಗ್ತಾವ. ಮಿಕ್ಸರಿನಾಗ 100 ಹರ್ಟ್ಸ್ ಕೆಳಗ ಕಟ್, 300-400ರ ಹತ್ರ 3 ಡೆಸಿಬೆಲ್ ಇಳಿಸ್ರಿ, 2-4 ಕಿಲೋಹರ್ಟ್ಸ್‌ನಾಗ 2-3 ಏರಿಸ್ರಿ. ವ್ಯಂಜನ ಕೇಳೋದು ಅಲ್ಲೇ. ಕಂಪ್ರೆಸರ್ (ಸಣ್ಣ-ಜೋರು ದನಿಯ ಅಂತರ ತಗ್ಗಿಸೋದು) 4:1.

ಇನ್ನ ಕನ್ನಡ. ನಮ್ಮ ಪದ ಸ್ವರದಾಗ ಮುಗೀತಾವ, ಗ್ರೌಲಿನಾಗ ಆ ಬಾಲ ಮುಂದಿನ ಪದಕ್ಕ ಅಂಟ್ಕೋತದ. "ಬಂದಿದ್ದಾನೆ" ಅಂತ ಬರದ್ರ ಹಾಡೋರಿಗೇ ಸಾಕಾಗ್ತದ. "ಬಂದಾನ" ಅಂತ ನಮ್ಮ ಮಾತಿನಾಗೇ ಬರೀರಿ, ಗಿಡ್ಡ ಆಗ್ತದ. ಒತ್ತಕ್ಷರ ಸ್ನೇರ್ (ಚಟ್ ಅನ್ನೋ ಡ್ರಮ್) ಏಟು ಬೀಳೋ ಜಾಗಕ್ಕ ಇಡ್ರಿ: ಕುಟ್ಟು, ಕತ್ತಿ, ಮುಕ್ಕು. ಅಲ್ಲಿ ಉಸುರು ಒಂದು ಕ್ಷಣ ನಿಂತು ಸಿಡೀತದ, ಕೇಳೋರಿಗೆ ಪದ ಸಿಗ್ತದ. ಉದ್ದ ಎಳೆಯೋದಿದ್ರ ಆ, ಓ, ಊ. ತಳದ ದನಿಯಾಗ ಈ ಎಳದ್ರ ನಾಲಗಿ ಏರಿ ಸಪ್ಪಳ ತೆಳ್ಳಗಾಗ್ತದ. ಒಂದು ಸಾಲು 8-10 ಅಕ್ಷರಕ್ಕ ನಿಲ್ಲಿಸಿ ಉಸುರಿಗೆ ಜಾಗ ಬಿಡ್ರಿ.

ಗುಡುಗು_ಕಲಬುರಗಿ
ಭಾಳ ಉಪಕಾರ ಆಯ್ತ್ರಿ. ಉಸುರು ಒಳಗ ಎಳ್ಕೊಂಡು ಮಾಡೋ ಗ್ರೌಲ್ ಸಸಾರ ಅನಿಸ್ತದ, ಅದು ನಡೀತದೇನು?

ಸ್ವರಪೆಟ್ಟಿಗೆ
ಸದ್ಯಕ್ಕೆ ಬೇಡ. ಬಾಯಿಂದ ಎಳೆದ ಒಣಗಾಳಿ ನೇರ ತಂತುಗಳ ಮೇಲೆ ಹಾಯುತ್ತದೆ, ದನಿಯ ಹಿಡಿತವೂ ಕಡಿಮೆ. ಹೊರಬಿಡುವ ಉಸಿರಿನಲ್ಲೇ ಕಲಿಯಿರಿ.