ಮಿಂಟ್‌ನಲ್ಲಿ ವಿಂಡೋಸ್‌ನ ಡಿ ಡ್ರೈವ್ ತೆರೆಯುತ್ತಿಲ್ಲ, ಅಪ್ಪನ ತೋಟದ ಲೆಕ್ಕ ಎಲ್ಲ ಅದರಲ್ಲೇ ಇದೆ

ತೋಟದಂಚು, ಶಿರಸಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, 8 ಜಿಬಿ ರ್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇದಕ್ಕೆ 11 ಹತ್ತುವುದಿಲ್ಲ, ಹಾಗಾಗಿ ಪಕ್ಕದಲ್ಲೇ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡೆ. ವಿಂಡೋಸ್ ತೆಗೆಯುವ ಹಾಗಿಲ್ಲ. ಅಪ್ಪ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು ಅದರಲ್ಲೇ, ಅಡಿಕೆ ಕೊನೆ ಕೊಯ್ಲಿನದ್ದು, ಕೊಳೆರೋಗಕ್ಕೆ ಔಷಧಿ ಹೊಡೆದವರ ಸಂಬಳದ್ದು, ಎಲ್ಲ ಲೆಕ್ಕ ಡಿ ಡ್ರೈವ್‌ನಲ್ಲಿದೆ. ಮಿಂಟ್‌ನಿಂದ ಆ ಡ್ರೈವ್ ಒತ್ತಿದರೆ 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಶನ್, ಬ್ಯಾಡ್ ಸೂಪರ್‌ಬ್ಲಾಕ್' ಅಂತ ಬರುತ್ತದೆ. ವಿಂಡೋಸ್‌ನಲ್ಲಿ ನೋಡಿದರೆ ಸುಮ್ನೆ ತೆರೆಯುತ್ತದೆ. ಡಿಸ್ಕ್ ಹೋಯ್ತಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೋಡಿಬಾಗ, ಕಾರವಾರ:
ಹೆದರಬೇಡಿ, ಡಿಸ್ಕ್‌ಗೆ ಏನೂ ಆಗಿರಲಿಕ್ಕಿಲ್ಲ. ಆ ಸಾಲು ಓದಿದರೆ ಎಂಥವರಿಗೂ ಎದೆ ಧಸಕ್ ಅನ್ನುತ್ತದೆ, ಆದರೆ ಅದು ಹೇಳುವುದು ಮೌಂಟ್ ಆಗಲಿಲ್ಲ, ಅಂದರೆ ಡ್ರೈವ್ ಜೋಡಿಸಿಕೊಳ್ಳಲಿಕ್ಕೆ ಆಗಲಿಲ್ಲ ಅಂತ ಅಷ್ಟೇ. ನಿಜವಾದ ಕಾರಣ ಕರ್ನಲ್ (ಸಿಸ್ಟಮ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿ ಇರುತ್ತದೆ. ಟರ್ಮಿನಲ್ ತೆಗೆದು ಸುಡೊ ಡಿಮೆಸ್ಗ್ ಕೊಡಿ (ಡಿ, ಎಂ, ಇ, ಎಸ್, ಜಿ, ಕಮಾಂಡ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಮತ್ತೆ). ಕೊನೆಯ ಸಾಲುಗಳಲ್ಲಿ 'ವಾಲ್ಯೂಮ್ ಈಸ್ ಡರ್ಟಿ' (ಡ್ರೈವ್ ಸರಿಯಾಗಿ ಮುಚ್ಚಿಲ್ಲ ಅನ್ನುವ ಗುರುತು) ಅಂತ ಇದೆಯಾ ನೋಡಿ. ಹಾಗೇ ಇನ್ನೊಂದು, ಅಪ್ಪ ಕೊನೆಗೆ ವಿಂಡೋಸ್ ಮುಚ್ಚಿದ್ದು ಶಟ್‌ಡೌನ್ ಕೊಟ್ಟೋ ರಿಸ್ಟಾರ್ಟ್ ಕೊಟ್ಟೋ?

ತೋಟದಂಚು, ಶಿರಸಿ:
ಹೌದು, ಅದೇ ಸಾಲು ಇದೆ. 'ಫೋರ್ಸ್' (ಒತ್ತಾಯದಿಂದ ತೆರೆ) ಫ್ಲ್ಯಾಗ್ ಹಾಕಿಲ್ಲ ಅಂತಲೂ ಇದೆ. ಅಪ್ಪ ಯಾವಾಗಲೂ ಶಟ್‌ಡೌನೇ ಕೊಡುವುದು, ಸರಿಯಾಗೇ ಮುಚ್ಚುತ್ತಾರೆ.

ಬಂಡಲಘಟ್ಟ:
ಟರ್ಮಿನಲ್‌ನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಕಮಾಂಡ್ ಹೊಡೆಯಿರಿ, ಮೈನಸ್ ಡಿ ಸೇರಿಸಿ. ಎರಡು ನಿಮಿಷದ ಕೆಲಸ ಮಾರಾಯ್ರೆ.

ಕೋಡಿಬಾಗ, ಕಾರವಾರ:
ತಡೀರಿ, ಈಗಲೇ ಅದು ಬೇಡ. ಫೋರ್ಸೂ ಬೇಡ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಕರ್ಯ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮನ್ನು ಲಾಗೌಟ್ ಮಾಡಿ, ಕರ್ನಲ್ಲನ್ನು ಇದ್ದ ಹಾಗೇ ಸಿ ಡ್ರೈವ್‌ನ ಒಂದು ಫೈಲಿಗೆ ಬರೆದು ಮಲಗುತ್ತದೆ. ನಿಮ್ಮ ಪೇಟೆಯ ಭಾಷೆಯಲ್ಲೇ ಹೇಳುತ್ತೇನೆ: ಅಡಿಕೆ ಮಂಡಿಯವ ಬಾಗಿಲು ಎಳೆದುಕೊಂಡು ಹೋಗಿದ್ದಾನೆ, ಆದರೆ ಅರ್ಧ ಲೆಕ್ಕ ಅವನ ತಲೆಯಲ್ಲೇ ಇದೆ, ಪುಸ್ತಕಕ್ಕೆ ಏರಿಲ್ಲ. ಆ ಹೊತ್ತಿಗೆ ನೀವು ಹಿಂಬಾಗಿಲಿನಿಂದ ಹೋಗಿ ಅದೇ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಬಂದರೆ? ಬೆಳಿಗ್ಗೆ ಅವ ತಲೆಯಲ್ಲಿದ್ದದ್ದನ್ನೇ ಹಿಡಿದು ಮುಂದುವರಿಸುತ್ತಾನೆ, ನೀವು ಬರೆದದ್ದು ಅವನಿಗೆ ಗೊತ್ತೇ ಇಲ್ಲ. ಡಿ ಡ್ರೈವ್ ಕೂಡ ಅವನ ಲೆಕ್ಕದಲ್ಲಿ ಇನ್ನೂ ತೆರೆದೇ ಇದೆ, ಅದಕ್ಕೇ ಲಿನಕ್ಸ್ ಒಳಗೆ ಬಿಡುವುದಿಲ್ಲ. ಮೈನಸ್ ಡಿ ಮಾಡುವುದು ಆ ಡರ್ಟಿ ಗುರುತು ಅಳಿಸುವ ಕೆಲಸ ಅಷ್ಟೇ, ತಲೆಯಲ್ಲಿರುವ ಅರ್ಧ ಲೆಕ್ಕ ಪುಸ್ತಕಕ್ಕೆ ಏರದೆ ಹಾಗೇ ಉಳಿಯುತ್ತದೆ.

ವಿಂಡೋಸ್‌ಗೆ ಹೋಗಿ, ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಕಡೆ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಟಿಕ್ ಮಸುಕಾಗಿದ್ದರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಲಿಂಕ್ ಒತ್ತಬೇಕು. ಆಮೇಲೆ ಶಟ್‌ಡೌನ್ ಕೊಟ್ಟು ಮಿಂಟ್‌ಗೆ ಬನ್ನಿ. ಇವತ್ತೇ ಅರ್ಜೆಂಟ್ ಇದ್ದರೆ ವಿಂಡೋಸ್‌ನಿಂದ ರಿಸ್ಟಾರ್ಟ್ ಕೊಟ್ಟು ಬನ್ನಿ ಸಾಕು, ರಿಸ್ಟಾರ್ಟ್‌ನಲ್ಲಿ ಪೂರ್ತಿ ಮುಚ್ಚುತ್ತದೆ. ತಮಾಷೆ ಅಂದರೆ ಇದೇ.

ಬಂಡಲಘಟ್ಟ:
ಸರಿ ಒಪ್ಪಿದೆ. ನನ್ನದರಲ್ಲಿ ಏನೂ ಆಗಿರಲಿಲ್ಲ ಅಂತ ಹೇಳಿದೆ ಅಷ್ಟೇ.

ತೋಟದಂಚು, ಶಿರಸಿ:
ಟಿಕ್ ತೆಗೆದೆ, ತೆರೆಯಿತು, ಫೈಲ್ ಸೇವ್ ಕೂಡ ಆಯ್ತು! ತುಂಬಾ ಥ್ಯಾಂಕ್ಸ್.

ತೋಟದಂಚು, ಶಿರಸಿ:
ಎರಡೇ ದಿನ. ಇವತ್ತು ಮತ್ತೆ ಅದೇ ಸಂದೇಶ. ಟಿಕ್ ಇಲ್ಲ, ನೋಡಿದೆ. ನಿನ್ನೆ ಸಂಜೆ ಗಾಳಿಮಳೆ ಜೋರಾಗಿ ಅಪ್ಪ ಟೈಪ್ ಮಾಡುವಾಗಲೇ ಕರೆಂಟ್ ಹೋಯ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷ ಆಯ್ತು, ವೈರ್ ಮೇಲೇ ಓಡುವುದು.

ಶರಾವತಿ ದಂಡೆ, ಹೊನ್ನಾವರ:
ಸಂಬಂಧ ಇಲ್ಲದೆ ಏನು! ಬರೆಯುತ್ತಿರುವಾಗ ಕರೆಂಟ್ ಹೋದರೆ ಡರ್ಟಿ ಗುರುತು ಹಾಗೇ ಉಳಿಯುತ್ತದೆ, ಈ ಸಲ ಅದು ನಿಜವಾದ ಕೊಳೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಚೆಕ್‌ಡಿಸ್ಕ್ ಓಡಿಸಿ: ಸಿಎಚ್‌ಕೆಡಿಎಸ್‌ಕೆ, ಆಮೇಲೆ ಡಿ ಕೋಲನ್, ಆಮೇಲೆ ಸ್ಲ್ಯಾಶ್ ಎಫ್. ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ಗಳ ಫೈಲ್ ವ್ಯವಸ್ಥೆ) ರಿಪೇರಿಗೆ ಅದರಷ್ಟು ನಂಬುವಂಥದ್ದು ಲಿನಕ್ಸ್ ಕಡೆ ಇಲ್ಲ, ಎನ್‌ಟಿಎಫ್‌ಎಸ್‌ಫಿಕ್ಸ್ ಹೆಸರು ಮಾತ್ರ ದೊಡ್ಡದು. ಮೊದಲು ಲೆಕ್ಕದ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ಅಂದಹಾಗೆ ಹಳೇ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಇಂಥ ಹೊತ್ತಲ್ಲಿ ಓದಲಿಕ್ಕಾದರೂ ಬಿಡುತ್ತಿತ್ತು, ರೀಡ್-ಓನ್ಲಿ ಅಂತ. 2021ರಲ್ಲಿ ಕರ್ನಲ್ 5.15ಕ್ಕೆ ಬಂದ ಎನ್‌ಟಿಎಫ್‌ಎಸ್3 ಡ್ರೈವರ್ ವೇಗ ಜಾಸ್ತಿ, ಆದರೆ ಡರ್ಟಿ ಕಂಡರೆ ಬಾಗಿಲೇ ಹಾಕುತ್ತದೆ. ನಿಮ್ಮ ಲಾಗ್‌ನ ಸಾಲು ಅದರದ್ದೇ.

ಇನ್ನೊಂದು ಮಾತು. ಬೂಟ್ ಆಗುವಾಗಲೇ ಡಿ ಮೌಂಟ್ ಆಗಲಿ ಅಂತ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಮಾಡಬೇಕಾದ ಡ್ರೈವ್‌ಗಳ ಪಟ್ಟಿ ಇರುವ ಫೈಲ್) ಬರೆಯಲು ಹೋದರೆ 'ನೋಫೇಲ್' (ಡ್ರೈವ್ ಸಿಗದಿದ್ದರೂ ಬೂಟ್ ಮುಂದುವರಿಯಲಿ) ಅಂತ ಸೇರಿಸಲು ಮರೆಯಬೇಡಿ. ನಾನು ಮರೆತಿದ್ದೆ. ಕರೆಂಟ್ ಹೋಗಿ ಬಂದ ಮಾರನೇ ದಿನ ಮಿಂಟ್ ಬೂಟೇ ಆಗದೆ ಎಮರ್ಜೆನ್ಸಿ ಮೋಡ್‌ನ ಕಪ್ಪು ಪರದೆಗೆ ಬಿತ್ತು, ಅರ್ಧ ದಿನ ಅದರ ಮುಂದೆ ಕೂತಿದ್ದೆ. ಎಸ್‌ಡಿಎ3 ಅಂತ ಬರೆಯುವ ಬದಲು ಬಿಎಲ್‌ಕೆಐಡಿ ಕಮಾಂಡ್ ಕೊಟ್ಟಾಗ ಬರುವ ಯುಯುಐಡಿ (ಆ ಡ್ರೈವ್‌ನ ಗುರುತಿನ ಸಂಖ್ಯೆ) ಬರೆಯಿರಿ, ಯುಐಡಿ (ಬಳಕೆದಾರರ ಸಂಖ್ಯೆ) 1000 ಹಾಕಿ, ಇಲ್ಲದಿದ್ದರೆ ಫೈಲುಗಳೆಲ್ಲ ರೂಟ್ (ಅಡ್ಮಿನ್) ಹೆಸರಿಗೆ ಹೋಗಿ ಸೇವ್ ಆಗುವುದಿಲ್ಲ ಅಂತ ಮತ್ತೆ ಇಲ್ಲಿಗೇ ಬರುತ್ತೀರಿ. ಮತ್ತೆ ಮಳೆಗಾಲ ಮುಗಿಯುವುದರೊಳಗೆ ಬ್ಯಾಟರಿ ಹಾಕಿಸಿ.

ತೋಟದಂಚು, ಶಿರಸಿ:
ಕಾಪಿ ಮಾಡಿಕೊಂಡು ಚೆಕ್‌ಡಿಸ್ಕ್ ಓಡಿಸಿದೆ, ಒಂದೆರಡು ತಪ್ಪು ಸರಿಪಡಿಸಿದ್ದೇನೆ ಅಂತ ಹೇಳಿತು, ಮಿಂಟ್‌ನಲ್ಲಿ ಡಿ ತೆರೆಯಿತು. ಎಫ್‌ಎಸ್‌ಟ್ಯಾಬ್‌ಗೆ ನೋಫೇಲ್ ಹಾಕಿದೆ. ಬ್ಯಾಟರಿಗೆ ಅಪ್ಪ 'ಅಡಿಕೆ ಕೊಟ್ಟ ಮೇಲೆ ನೋಡುವ' ಅಂದಿದ್ದಾರೆ. ಒಂದೇ ಡೌಟ್: ಲೆಕ್ಕದ ಫೈಲ್ ಮಿಂಟ್‌ನಲ್ಲಿ ತೆರೆದರೆ ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಕಾಣುತ್ತಿದೆ. ಮತ್ತೆ ಕೆಟ್ಟಿತಾ?

ಕೋಡಿಬಾಗ, ಕಾರವಾರ:
ಇಲ್ಲ ಇಲ್ಲ, ಅದು ನುಡಿಯ ಹಳೇ ಫಾಂಟ್, ಯೂನಿಕೋಡ್ ಅಲ್ಲ. ಆ ಫಾಂಟ್ ಫೈಲ್ ಮಿಂಟ್‌ಗೂ ಹಾಕಿದರೆ ಓದಲಿಕ್ಕೆ ಬರುತ್ತದೆ. ಯೂನಿಕೋಡ್‌ಗೆ ಬದಲಾಯಿಸಬೇಕಂದರೆ ಬೇರೆ ಪ್ರಶ್ನೆ ಹಾಕಿ, ಅದು ದೊಡ್ಡ ಕಥೆ.