ಪುಟ್ಟ ರೋಬೋಗೆ ಹಾಟ್ ವೀಲ್ಸ್ ಬಾಡಿ ಕೂರಿಸೋದು ಹೇಗೆ? ಮಾಡಿದವರು ಹೇಳಿ

ಕೇಳಿದ್ದು:
ಮಗನ ಹತ್ತಿರ ಕಾರಾಗಿ ಮಡಚುವ ಪುಟ್ಟ ಟ್ರಾನ್ಸ್‌ಫಾರ್ಮರ್ಸ್ ರೋಬೋ ಬಂಬಲ್‌ಬೀ ಇದೆ. ಮಡಚಿದಾಗ ಹೆಚ್ಚುಕಮ್ಮಿ 7 ಸೆಂ.ಮೀ. ಉದ್ದ. ಅದರ ಮೇಲಿನ ಪ್ಲಾಸ್ಟಿಕ್ ತೆಗೆದು ಹಾಟ್ ವೀಲ್ಸ್ ಆಟಿಕೆ ಕಾರಿನ, ಅದರಲ್ಲೂ ಫೋಕ್ಸ್‌ವ್ಯಾಗನ್ ಬೀಟಲ್‌ನ, ಮೆಟಲ್ ಬಾಡಿ ಕೂರಿಸಬೇಕು ಅಂತ ಆಸೆ. ಆಸೆ ಮಗನದ್ದಲ್ಲ, ನನ್ನದು. ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಿಂದ:
ಸರ್, ನಾನು ಮೂರು ಮಾಡಿದ್ದೇನೆ. ಎರಡು ಕೆಟ್ಟವು, ಒಂದು ನಿಂತಿತು. ಕೆಟ್ಟದ್ದು ಯಾಕೆ ಅಂತ ಮೊದಲು ಹೇಳುತ್ತೇನೆ.

ನಾನು ಕಾರನ್ನು ನೋಡಿಕೊಂಡು ಕತ್ತರಿಸಿದೆ. ಬಾನೆಟ್ ಗೆರೆಯಲ್ಲಿ ಬಾನೆಟ್, ಬಾಗಿಲ ಗೆರೆಯಲ್ಲಿ ಬಾಗಿಲು. ನೋಡೋಕೆ ಚೆಂದ. ಆದರೆ ರೋಬೋದ ಕೀಲು ಇದ್ದದ್ದು ಬಾಗಿಲ ಮಧ್ಯದಲ್ಲಿ. ಅಂಟಿಸಿದ ಮೇಲೆ ಕಾರು ಕಾರಾಗೇ ಉಳಿಯಿತು, ಕೈ ಹೊರಗೆ ಬರಲೇ ಇಲ್ಲ. ಎಲ್ಲಿ ಕತ್ತರಿಸಬೇಕು ಅಂತ ಹೇಳಬೇಕಾದದ್ದು ರೋಬೋ, ಕಾರಲ್ಲ.

ಈಗ ಮಾಡುವುದು ಹೀಗೆ. ರೋಬೋವನ್ನು ಕಾರಾಗಿ ಮಡಚಿ, ಮೇಲೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿ. ಉಗುರಿನಿಂದ ಒತ್ತಿದರೆ ಸಂದುಗಳು ಟೇಪಿನ ಮೇಲೆ ಮೂಡುತ್ತವೆ. ಆ ಸಂದಿನಲ್ಲೇ ಬ್ಲೇಡ್ ಎಳೆಯಿರಿ. ಪ್ರತಿ ತುಂಡಿಗೂ ನಂಬರ್ ಬರೆದು, ಕಿತ್ತು, ಹಾಟ್ ವೀಲ್ಸ್ ಬಾಡಿಯ ಮೇಲೆ ಅದೇ ಜಾಗಕ್ಕೆ ಅಂಟಿಸಿ. ಟೇಪ್ ತುಂಡುಗಳ ನಡುವೆ ಕಾಣುವ ಗೆರೆಯೇ ನಿಮ್ಮ ಕತ್ತರಿ ಗೆರೆ. ನಂಬರ್ ಬರೆಯೋದು ಮಾತ್ರ ಮರೆಯಬೇಡಿ. ಎಡದ ತುಂಡು, ಬಲದ ತುಂಡು ಅದಲು ಬದಲಾಗಿ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಬಾಡಿ ಬಿಚ್ಚಲು ಕಾರನ್ನು ತಿರುಗಿಸಿ ಹಿಡಿಯಿರಿ. ತಳದಲ್ಲಿ ಸಾಮಾನ್ಯವಾಗಿ ಎರಡು ರಿವೆಟ್ ಇರುತ್ತವೆ, ಗುಂಡಗೆ ಬಟನ್ ಥರ. ನಡುವೆ ಮೊಳೆಯಿಂದ ಒಂದು ಗುರುತು ಹೊಡೆದು, 3 ಮಿ.ಮೀ. ಡ್ರಿಲ್ ಬಿಟ್‌ನಿಂದ ನಿಧಾನವಾಗಿ ಕೊರೆಯಿರಿ. ತಲೆ ಉದುರಿತು ಅಂದರೆ ನಿಲ್ಲಿಸಿ, ಆಳಕ್ಕೆ ಹೋಗುವುದು ಬೇಡ. ಸತು ಮಿಶ್ರಲೋಹ ಮೆತ್ತಗಿರುತ್ತದೆ, ಬಿಟ್ ಸರ್ರನೆ ಒಳಗೆ ಹೋಗಿಬಿಡುತ್ತದೆ. ಬಾಡಿಯನ್ನು ಅಕ್ಕಸಾಲಿಗರು ಬಳಸುವ ಸಣ್ಣ ಗರಗಸದಲ್ಲಿ ಕತ್ತರಿಸಿದೆ. ಕಟಿಂಗ್ ಡಿಸ್ಕ್ ಬಳಸುವುದಾದರೆ ಕನ್ನಡಕ, ಮಾಸ್ಕ್ ಹಾಕಲೇಬೇಕು. ಡಿಸ್ಕ್ ಮುರಿದರೆ ಚೂರು ಎಲ್ಲಿ ಹಾರುತ್ತದೆ ಅಂತ ಹೇಳೋಕಾಗಲ್ಲ.

ಕತ್ತರಿಸಿದ ಅಂಚನ್ನೆಲ್ಲ ಅರದಿಂದ ಉಜ್ಜಿ. ಎರಡು ತುಂಡುಗಳ ನಡುವೆ ಅರ್ಧ ಮಿಲಿಮೀಟರ್‌ನಷ್ಟು ಸಂದು ಬಿಡಿ. ಸರಿಯಾಗಿ ಕೂತಿದೆ ಅನ್ನಿಸಿದರೆ ಅದು ಜಾಸ್ತಿ ಬಿಗಿ ಅಂತಲೇ ಅರ್ಥ, ಪೇಂಟ್ ಹಾಕಿದ ಮೇಲೆ ಇನ್ನೂ ಬಿಗಿಯಾಗುತ್ತದೆ.

ದಾವಣಗೆರೆಯಿಂದ:
ಟೇಪ್ ಉಪಾಯ ಬಹಳ ಚೆನ್ನಾಗಿದೆ. ಆದರೆ ಮೆಟಲ್ ಯಾಕೆ ಸ್ವಾಮಿ? ಒಂದು ಮಿಲಿ ದಪ್ಪದ ಬಾನೆಟ್ ತಂದು ರೋಬೋದ ಎದೆಗೆ ಹಾಕಿದರೆ ಅದು ಮುಗ್ಗರಿಸುತ್ತದೆ. ನನ್ನದು ಶೋಕೇಸಿನಲ್ಲಿ ಗೋಡೆಗೆ ಒರಗಿಯೇ ನಿಂತಿದೆ. ಆಮೇಲೆ ಹಿಂದಕ್ಕೆಳೆದು ಬಿಡುವ ಪ್ಲಾಸ್ಟಿಕ್ ಕಾರು ತಂದೆ, ಜಾತ್ರೆಯಲ್ಲಿ ಸಿಗುತ್ತದಲ್ಲ, ಅಂಥದ್ದು. ಕಟರ್‌ನಲ್ಲೇ ಕೊಯ್ಯಬಹುದು, ತೂಕವಿಲ್ಲ, ತಪ್ಪಾದರೆ ಇನ್ನೊಂದು ತಂದರಾಯಿತು.

ಗಮ್ ವಿಷಯ: ಕ್ಷಣದಲ್ಲಿ ಹಿಡಿಯುವ ಗಮ್ ಕೀಲಿನ ಹತ್ತಿರ ತರಲೇಬೇಡಿ. ಹನಿ ಹರಿದು ಪಿನ್ನಿಗೆ ಹೋದರೆ ಅಲ್ಲಿಗೆ ಮುಗಿಯಿತು, ನನ್ನದೊಂದು ರೋಬೋ ಬಲಗೈ ಎತ್ತಿಕೊಂಡೇ ಇದೆ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಕೂಡ ಅದರ ಹಬೆಗೆ ಬೆಳ್ಳಗಾಗುತ್ತದೆ. ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಗಮ್ ತಗೊಳ್ಳಿ, ಹಲ್ಲುಕಡ್ಡಿಯಲ್ಲಿ ಹಚ್ಚಿ. ಒಳಗೆ ಪೊಳ್ಳಿದ್ದರೆ ಎಂ-ಸೀಲ್ ತುಂಬಿ.

ಮೈಸೂರಿನಿಂದ:
ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ನಿಮ್ಮ ಬಂಬಲ್‌ಬೀ ಯಾವ ಕಾರಾಗುತ್ತದೆ? 2007ರ ಸಿನಿಮಾದಿಂದ ಅವನು ಹೆಚ್ಚಾಗಿ ಷೆವರ್ಲೆ ಕಮಾರೋ, ಅದಕ್ಕೂ ಮೊದಲು ಬೀಟಲ್, 2018ರ ಸಿನಿಮಾದಲ್ಲಿ ಮತ್ತೆ ಬೀಟಲ್. ಕಮಾರೋ ರೋಬೋಗೆ ಬೀಟಲ್ ಬಾಡಿ ಕೂರಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ನಿಜವಾದ ಬೀಟಲ್‌ನಲ್ಲಿ 2.4 ಮೀಟರ್, 2010ರ ಕಮಾರೋದಲ್ಲಿ ಸುಮಾರು 2.85 ಮೀಟರ್. 1:64ಕ್ಕೆ, ಅಂದರೆ 64ರಲ್ಲಿ ಒಂದು ಭಾಗಕ್ಕೆ, ಇಳಿಸಿದರೆ ಸುಮಾರು 37.5 ಮಿ.ಮೀ., 44.5 ಮಿ.ಮೀ. ಹಾಟ್ ವೀಲ್ಸ್ ಎಲ್ಲವೂ ಕರಾರುವಾಕ್ಕಾಗಿ 1:64 ಅಲ್ಲ, ಪ್ಯಾಕೆಟ್ಟಿಗೆ ಹಿಡಿಸುವಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಹಾಗಾಗಿ ಸ್ಕೇಲ್ ಹಿಡಿದು ಅಂಗಡಿಗೇ ಹೋಗಿ. ಉದ್ದ, ಅಗಲ ಆಮೇಲೆ, ಮೊದಲು ಚಕ್ರದಿಂದ ಚಕ್ರಕ್ಕೆ ಅಳೆಯಿರಿ.

1984ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೋ ಅಮೆರಿಕದಲ್ಲಿ ತಂದ ಮೊದಲ ಬಂಬಲ್‌ಬೀ ಜಪಾನಿನ ಟಕಾರಾ ಮಾಡಿದ್ದ ಆಟಿಕೆಯೇ. ಅದೂ ನಿಜವಾದ ಬೀಟಲ್ ಆಕಾರವಲ್ಲ. ಟಕಾರಾದ್ದೇ ಚೋರೋ-ಕ್ಯೂ ಎಂಬ, ಹಿಂದಕ್ಕೆಳೆದು ಬಿಡುವ ಗಿಡ್ಡ ಕಾರುಗಳ ಥರ ಮೂತಿ, ಬಾಲ ಎರಡೂ ಒಳಗೆ ಒತ್ತಿದಂತಿದೆ. ನಿಮ್ಮದು ಆ ಹಳೇ ಅಚ್ಚಿನಲ್ಲೇ ಮತ್ತೆ ಮಾಡಿದ್ದಾದರೆ ಹಾಟ್ ವೀಲ್ಸ್ ಬೇಡವೇ ಬೇಡ, ದಾವಣಗೆರೆಯವರು ಹೇಳಿದಂಥ ಹಿಂದಕ್ಕೆಳೆದು ಬಿಡುವ ಕಾರುಗಳಲ್ಲಿ ಗಿಡ್ಡದ್ದೇ ಸರಿ.

ಶಿವಮೊಗ್ಗದಿಂದ:
ಬಿಚ್ಚಿ ಜೋಡಿಸಿ ಕೀಲು ಸಡಿಲವಾಗಿ ಕೈ ಜೋತುಬಿದ್ದರೆ, ಕೀಲಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಹಚ್ಚಿ, ಪೂರ್ತಿ ಒಣಗಿಸಿ, ಆಮೇಲೆ ಸಿಕ್ಕಿಸಿ. ಒದ್ದೆಯಿರುವಾಗ ಸಿಕ್ಕಿಸಿದರೆ ದಾವಣಗೆರೆಯ ಬಲಗೈ ಕಥೆಯೇ. ಆದರೆ ನೇಲ್ ಪಾಲಿಶ್ ರಿಮೂವರ್ ಮಾತ್ರ ದೂರ ಇಡಿ. ಅದರಲ್ಲಿ ಅಸಿಟೋನ್ ಇದ್ದರೆ, ಇಂಥ ಆಟಿಕೆಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮತ್ತೆ ಮೆಟಲ್ ಹಾಕಿದ್ದನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಎಷ್ಟು ಉಜ್ಜಿದರೂ ಎಲ್ಲೋ ಒಂದು ಕಡೆ ಚೂಪು ಉಳಿದಿರುತ್ತದೆ.

ಕೇಳಿದವರು ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. 44 ಮಿ.ಮೀ., ಕಮಾರೋನೇ! ಬೀಟಲ್ ವಾಪಸ್ ಮಗನ ಡಬ್ಬಿ ಸೇರಿತು, ಅವನಿಗೆ ಭಾರಿ ಖುಷಿ. ಹಳೇ ಹಾಟ್ ವೀಲ್ಸ್ ಕಮಾರೋ ಒಂದನ್ನು ಹುಡುಕಿದೆ. ರೋಬೋಗೆ ಟೇಪ್ ಸುತ್ತಿ ಕೊಯ್ದೆ, ಟೇಪಿನ ಹನ್ನೊಂದು ತುಂಡು ಬಂದಿವೆ. ಬಾಗಿಲ ಕೆಳಗೆ ಒಂದು ಬರೀ 3 ಮಿ.ಮೀ. ಇದೆ. ಅದನ್ನೂ ಮೆಟಲ್‌ನಲ್ಲಿ ಕತ್ತರಿಸಬೇಕಾ?

ಬೆಂಗಳೂರಿನಿಂದ:
ಬಿಟ್ಟುಬಿಡಿ ಸರ್. ಅಲ್ಲಿ ರೋಬೋದ ಪ್ಲಾಸ್ಟಿಕ್ಕಿಗೇ ಬಾಡಿಯ ಬಣ್ಣ ಬಳಿಯಿರಿ.